ಬಾಟಲಿ ಖಾಲಿಯಾಗುವ ಮೊದಲು

ನಾನು ಒಂದು ಪುಟ್ಟ ಗಂಟೆ. ಸಲೈನ್ ಬಾಟಲಿಗೂ ಅದರ ಸ್ಟ್ಯಾಂಡಿಗೂ ನಡುವೆ ತೂಗಾಡುತ್ತೇನೆ. ಬಾಟಲಿ ಹಗುರಾದಂತೆ ನನ್ನ ಸ್ಪ್ರಿಂಗು ಮೇಲೇರುತ್ತದೆ. ಎರಡು ಬೆರಳಷ್ಟು ನೀರು ಉಳಿದಾಗ ಬಾರಿಸುತ್ತೇನೆ. ಕರೆಂಟು ಬೇಡ, ಬ್ಯಾಟರಿ ಬೇಡ.

ಹುಟ್ಟಿದ್ದು ಗದಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ಅಲ್ಲಿ ವೈದ್ಯಕೀಯ ಉಪಕರಣ ಮಾಡುವುದನ್ನು ಕಲಿಸುವ ನೀಲಾಂಬಿಕಾ ಮೇಡಂ, ತಮ್ಮ ವಿದ್ಯಾರ್ಥಿಗಳಾದ ಶಾಹೀನಾ ಮತ್ತು ಮಲ್ಲೇಶರನ್ನು ಮೊದಲು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮೂರು ದಿನ ಸುಮ್ಮನೆ ಕೂರಿಸಿದರು.

"ಏನ್ ಮಾಡೋಣು ಅಂತ ಈಗ ವಿಚಾರ ಮಾಡಬ್ಯಾಡ್ರಿ. ಯಾರಿಗೆ ಏನ್ ತ್ರಾಸ ಐತಿ, ಅದನ್ನಷ್ಟ ನೋಡ್ರಿ."

ಶಾಹೀನಾಳ ಕಣ್ಣಿಗೆ ಬಿದ್ದವಳು ದುರ್ಗವ್ವ. ಬಿಸಿನೀರು ಬಿದ್ದು ಕಾಲು ಸುಟ್ಟುಕೊಂಡ ಅವಳ ಐದು ವರ್ಷದ ಮಗಳು ಬಹಳ ದಿನದಿಂದ ಅಲ್ಲಿದ್ದಳು. ದುರ್ಗವ್ವ ಸಲೈನ್ ಬಾಟಲಿಯ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ. ಚಹಾ ಕುಡಿದು ಬಾ ಎಂದರೂ ಏಳಲಿಲ್ಲ.

"ನಿನ್ನೆ ಮುಖ ತೊಳ್ಯಾಕ ಹೋಗಿದ್ದೆ. ಬರೂದ್ರಾಗ ಬಾಟ್ಲಿ ಖಾಲಿ ಆಗಿ ಕೂಸಿನ ರಕ್ತ ಪೈಪಿನ್ಯಾಗ ಏರಿತ್ತವ್ವಾ. ಇನ್ನ ನಾ ಏಳೂದಿಲ್ಲ."

ಮೂವತ್ತೆರಡು ಹಾಸಿಗೆಗೆ ಇದ್ದವರು ಗ್ರೇಸಿ ಸಿಸ್ಟರ್ ಒಬ್ಬರೇ. ಬಾಟಲಿ ಮುಗಿಯುತ್ತಿದೆ ಎಂದು ಮೊಬೈಲಿಗೆ ಸಂದೇಶ ಕಳಿಸುವ ಪೆಟ್ಟಿಗೆಯ ಚಿತ್ರವನ್ನು ಶಾಹೀನಾ, ಮಲ್ಲೇಶ ತೋರಿಸಿದಾಗ ಅವರು ನಕ್ಕರು. "ಇಂಜೆಕ್ಷನ್ ಮಾಡ್ಕೋತ ಫೋನ್ ಎಲ್ಲಿ ನೋಡ್ಲಿ? ನನಗ ಕೇಳಿಸಬೇಕು, ಅಷ್ಟ." ಹಾಗಾಗಿ ನಾನು ಗಂಟೆಯಾದೆ.

ತರಗತಿಯಲ್ಲಿ ಸೊಗಸಾಗಿ ಬಾರಿಸಿದೆ. ವೈದ್ಯರ ಒಪ್ಪಿಗೆ ಪಡೆದು ವಾರ್ಡಿನಲ್ಲಿ ತೂಗುಹಾಕಿದ ದಿನ ಮಾತ್ರ ಮಾನ ಹೋಯಿತು. ಆ ಹಾಸಿಗೆಯ ಮಗು ಕೈ ಎಳೆದಾಗಲೆಲ್ಲ ಬಾಟಲಿ ಕುಣಿಯಿತು, ನಾನು ಸುಮ್ಮಸುಮ್ಮನೆ ಬಾರಿಸಿದೆ. ನಾಲ್ಕು ಸಲ ಓಡಿ ಬಂದ ಸಿಸ್ಟರ್ ನನ್ನನ್ನು ಬಿಚ್ಚಿ ಶಾಹೀನಾಳ ಕೈಗಿಟ್ಟರು.

"ಸುಳ್ಳು ಬಾರಿಸಿದ್ರ, ಖರೇ ಬಾರಿಸಿದಾಗೂ ನಾ ಬರೂದಿಲ್ಲ ನೋಡವಾ."

ಶಾಹೀನಾಳ ಕಣ್ಣು ತುಂಬಿತು. ಮೇಡಂ ಸಮಾಧಾನ ಹೇಳಲಿಲ್ಲ. "ಭಾಳ ಚಲೋ ಮಾತ ಹೇಳ್ಯಾರ. ಬರಕೋ," ಎಂದರು.

ಮಲ್ಲೇಶ ನನ್ನ ಕೊಂಡಿಗೆ ಮೆತ್ತನೆ ರಬ್ಬರು ಜೋಡಿಸಿದ. ಹತ್ತು ದಿನ ಇಬ್ಬರೂ ಪೈಪು ಜಗ್ಗಿ ಜಗ್ಗಿ ನೋಡಿದರು. ಕ್ಷಣದ ಕುಣಿತಕ್ಕೆ ಬಾಯಿ ಬಿಡದಿರುವುದನ್ನು ನಾನು ಕಲಿತೆ.

ಮತ್ತೆ ಹೋದಾಗ ದುರ್ಗವ್ವನೇ ಮುಂದೆ ಬಂದಳು. "ನನ್ನ ಮಗಳಿಗೇ ಹಚ್ರಿ." ಬಾಗಿಲ ತನಕ ಹೋಗಿ ಒಮ್ಮೆ ತಿರುಗಿ ಬಂದು ನನ್ನನ್ನು ದಿಟ್ಟಿಸಿದಳು. ಆಮೇಲೆ ಸ್ನಾನಕ್ಕೆ ಹೋದಳು. ಮಗು ಹೊರಳಿತು, ಪೈಪು ಎಳೆಯಿತು. ನಾನು ಸುಮ್ಮನಿದ್ದೆ. ನೀರು ಎರಡು ಬೆರಳಿಗೆ ಇಳಿದಾಗ ಇದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸಿದೆ. ಆ ತುದಿಯಲ್ಲಿದ್ದ ಸಿಸ್ಟರ್ ಬಂದು ಬಾಟಲಿ ಬದಲಿಸಿದರು.

ಒದ್ದೆ ಕೂದಲಲ್ಲೇ ಓಡಿ ಬಂದ ದುರ್ಗವ್ವ ಹೊಸ ಬಾಟಲಿ ಕಂಡು ನಿಂತುಬಿಟ್ಟಳು. "ಬಂದಿದ್ರೇನ್ರೀ ಸಿಸ್ಟರ್?"

"ಗಂಟಿ ಕರೀತು, ಬಂದೆ."

ಅವಳು ಬಾಟಲಿಗೆ ಬೆನ್ನು ಮಾಡಿ ಕುಳಿತು, ನಿಧಾನವಾಗಿ ತಲೆ ಬಾಚಿಕೊಂಡಳು.

ಈಗ ವಾರ್ಡುಗಳಲ್ಲಿ ನನಗಿಂತ ಗಟ್ಟಿಯಾದ ತಂಗಿಯರಿದ್ದಾರೆ. ನನ್ನ ಸ್ಪ್ರಿಂಗು ಸೋತಿದೆ. ಮೇಡಂ ತರಗತಿಯ ಮೇಜೇ ನನ್ನ ಮನೆ. ವರ್ಷಕ್ಕೊಮ್ಮೆ ಹೊಸ ಮಕ್ಕಳು ನನ್ನನ್ನು ಪೂರ್ತಿ ಬಿಚ್ಚಿ, ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾರೆ. ನನಗೇನೂ ಬೇಸರವಿಲ್ಲ. ಹುಡುಕಲಿ. ಒಂದೆರಡು ತಪ್ಪು ಇನ್ನೂ ನನ್ನಲ್ಲಿವೆ ಎಂದು ನನಗೆ ಗೊತ್ತು. ಅವರಿಗೆ ಸಿಕ್ಕೇ ಸಿಗುತ್ತವೆ.