ಫರ್ನೇಸಿನ ಬಾಗಿಲು

"ಏಳನೇ ಕ್ಲಾಸ್ ಬಿಟ್ಟ ಕತ್ತೆ ಕೈಗೆ ಓದಿದೋರ ಕೆಲಸ ಕೊಟ್ರೆ ಇನ್ನೇನಾಗತ್ತೆ? ಒಂದು ಬಾಗಿಲು ಮುಚ್ಚಿಟ್ಕೊಂಡು ಕೂರಕ್ಕೂ ಯೋಗ್ಯತೆ ಇಲ್ವಲ್ಲೋ ನಿಂಗೆ!"

ಯಜಮಾನ ಉಗ್ರಪ್ಪ ಕೂಗಿದ್ದು ಕಾಮಾಕ್ಷಿಪಾಳ್ಯದ ಆ ಪಿಂಗಾಣಿ ಸುಡುವ ಶೆಡ್ಡಿನ ಆಚೆಗೂ ಕೇಳಿಸಿತು. ಪಕ್ಕದ ಗಾರ್ಮೆಂಟ್ಸಿನ ಹೆಂಗಸರು ಮೆಟ್ಟಿಲ ಮೇಲೆ ನಿಂತು ಬಗ್ಗಿ ನೋಡಿದರು. ಇಸ್ತ್ರಿಪೆಟ್ಟಿಗೆಗೆ ಹಾಕುವ ಪಿಂಗಾಣಿ ಮಣಿ ಆರಿಸುತ್ತಿದ್ದ ಅಂಜಿನಯ್ಯ ತಲೆ ತಗ್ಗಿಸಿ ನಕ್ಕ. ಫರ್ನೇಸ್ ನೋಡಿಕೊಳ್ಳುವ ಸೀನನ ಕಿವಿ ಕೆಂಪಾಯಿತು. ಎದುರಿನ ಟ್ರೇಯಲ್ಲಿ ನಾಣ್ಯದಗಲದ ಬಿಳಿ ಬಿಲ್ಲೆಗಳು. ಎಲ್ಲವೂ ಸೀಳಿದ್ದವು.

ಬಿಲ್ಲೆಗಳು ವಿಜಯಶ್ರೀಯವು. ಧಾರವಾಡದ ಕಡೆಯ ಹುಡುಗಿ, ಬ್ಯಾಟರಿ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕಾಲೇಜಿನ ಫರ್ನೇಸ್ ಕೆಟ್ಟಮೇಲೆ ಪುಡಿ ಹೊತ್ತುಕೊಂಡು ಇಲ್ಲಿಗೆ ಬರತೊಡಗಿದ್ದಳು.

"ಬ್ಯಾಟರಿಯೊಳಗ ಈಗ ದ್ರವ ಇರ್ತೈತಿ, ಪೆಟ್ರೋಲಿನಂಗ ಹತ್ಕೋತೈತಿ. ಅದರ ಬದಲಿ ಈ ಬಿಲ್ಲಿ," ಎಂದು ಸೀನನಿಗೆ ಹೇಳಿದ್ದಳು. "ಆದ್ರ ಇದರಾಗ ಕೂದಲೆಳಿಯಷ್ಟು ಬಿರುಕಿದ್ರೂ ಲಿಥಿಯಂ ಬೇರು ಬಿಟ್ಕೊಂಡು ಆಚಿ ಕಡಿ ಮುಟ್ಟತೈತಿ. ಮುಗೀತು, ಶಾರ್ಟ್."

ಮೊದಲು ಸುಟ್ಟವೆಲ್ಲ ತೂತು ತೂತು. ಕಾವಿಗೆ ಲಿಥಿಯಂ ಹಾರಿಹೋಗದಿರಲೆಂದು ಬಿಲ್ಲೆಗಳನ್ನು ಅದೇ ಪುಡಿಯಲ್ಲಿ ಹೂತು ಸುಡುವುದನ್ನು ಅವಳು ತೋರಿಸಿಕೊಟ್ಟಳು. ಹೋದ ಸಲ ತೂತು ಮುಚ್ಚಿಕೊಂಡವು. ಇನ್ನು ಸೀಳದೆ ಬಂದರೆ ಸಾಕಿತ್ತು.

"ತಾನಾಗಿ ಆರೋತನಕ ಬಾಗಲಾ ತಗೀಬ್ಯಾಡ್ರಿ, ತಣ್ಣನ ಗಾಳಿ ಬಡಿದ್ರ ಸೀಳ್ತಾವು. ಇವು ಚಲೋ ಬಂದ್ರ ನಮ್ಮ ಲ್ಯಾಬಿನ ಫರ್ನೇಸ್ ಕೆಲಸಕ್ಕ ಸರ್ ಮುಂದ ನಿಮ್ಮ ಹೆಸರು ಹೇಳ್ತೀನಿ."

ಸೀನ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಉಗ್ರಪ್ಪನ ಬಾಯಿಂದ ತಪ್ಪಿಸಿಕೊಳ್ಳಲು ಅವನಿಗಿದ್ದ ದಾರಿ ಅದೊಂದೇ.

ನಿನ್ನೆ ಆಯುಧಪೂಜೆ. ಬಿಲ್ಲೆಗಳು ಒಳಗಿದ್ದವು, ಫರ್ನೇಸ್ ಇನ್ನೂ ಕೆಂಡದಂತಿತ್ತು. ಸೀನ ಬೂದಗುಂಬಳಕಾಯಿ ತರಲು ಹೋಗಿ ಬರುವಷ್ಟರಲ್ಲಿ ಉಗ್ರಪ್ಪನ ತಾಯಿ ಮುನಿತಾಯಮ್ಮ ಅದರ ಬಾಗಿಲನ್ನು ಅಗಲಕ್ಕೆ ತೆರೆದು, ಝಳಕ್ಕೆ ಮುಖ ತಿರುಗಿಸಿಕೊಂಡು, ಕೈ ಚಾಚಿ ಆರತಿ ಎತ್ತುತ್ತಿದ್ದಳು.

"ಅಯ್ಯೋ, ಏನಜ್ಜಿ ಮಾಡ್ಬಿಟ್ರಿ!"

"ಅನ್ನ ಕೊಡೋ ದೇವ್ರು ಕಣಪ್ಪ. ಬರೀ ಹೊರಗಡೆ ಬೊಟ್ಟಿಟ್ಟು ಕೈ ತೊಳ್ಕೊಂಡ್ರೆ ಆಗತ್ತಾ? ಒಳಗೂ ಬೆಳಕು ತೋರಿಸ್ಬೇಕು."

ಸೀನ ಕಾಲಿನಿಂದ ಬಾಗಿಲು ದೂಡಿ ಮುಚ್ಚಿದ್ದ. ಏನೂ ಆಗಿರಲಾರದು ಅಂದುಕೊಂಡು ರಾತ್ರಿ ಕಳೆದಿದ್ದ.

ಈಗ ಮುದುಕಿ ನೀರಿನ ಡ್ರಮ್ಮಿನ ಪಕ್ಕ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಹೋದ ವಾರ ಅವಳು ನೀರಿನ ಮೋಟಾರ್ ಆರಿಸಲು ಮರೆತು ಶೆಡ್ಡಿಗೆಲ್ಲ ನೀರು ನುಗ್ಗಿದಾಗ ಉಗ್ರಪ್ಪ ಇವರೆಲ್ಲರ ಮುಂದೆಯೇ ಅಂದಿದ್ದ: "ಇನ್ನೊಂದು ಸಲ ಇಲ್ಲಿ ಏನಾದ್ರೂ ಮುಟ್ಟು, ಮಾಗಡಿ ಬಸ್ ಹತ್ತಿಸ್ಬಿಡ್ತೀನಿ. ಹೋಗಿ ನಿನ್ನ ಅಳಿಯನ ಮನೇಲಿ ಬಿದ್ದಿರು." ಮಗಳು ಸತ್ತಮೇಲೆ ಆ ಅಳಿಯ ಬೇರೆ ಮದುವೆಯಾಗಿದ್ದ.

ಬಿಲ್ಲೆ ಒಯ್ಯಲು ಬಂದಿದ್ದ ವಿಜಯಶ್ರೀ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಸೀನಣ್ಣ, ಬಾಗಲಾ ನೀವ ತಗದಿರೇನು? ಬ್ಯಾರೆ ಯಾರರ ತಗದಿದ್ರ ಹೇಳ್ರಿ. ನಿಮ್ಮ ಕೆಲಸದ ಸಲುವಾಗಿ ನಮ್ಮ ಸರ್ ಹತ್ರ ನಾ ಮಾತಾಡ್ತೀನಿ."

ಹೇಳಲು ಒಂದೇ ಒಂದು ಹೆಸರು ಸಾಕಿತ್ತು. ಸೀನ ಡ್ರಮ್ಮಿನ ಕಡೆ ನೋಡಿದ. ಮುನಿತಾಯಮ್ಮ ಅವನನ್ನು ನೋಡುತ್ತಿರಲಿಲ್ಲ. ಮಗನ ಬಾಯನ್ನೇ ನೋಡುತ್ತಿದ್ದಳು.

"ಮಾತಾಡೋ ಲೋ! ಬಾಯಲ್ಲಿ ಕಡುಬು ತುರುಕ್ಕೊಂಡಿದೀಯಾ?" ಎಂದ ಉಗ್ರಪ್ಪ. ಅಂಜಿನಯ್ಯ ಮತ್ತೆ ನಕ್ಕ.

ಇಷ್ಟೇ ಮಾತಿಗೆ, ಮೊದಲು ಕೆಲಸಕ್ಕಿದ್ದ ಶೆಡ್ಡಿನಲ್ಲಿ ಸೀನ ಯಜಮಾನನ ಕಾಲರ್ ಹಿಡಿದಿದ್ದ. ಈಗಲೂ ಮುಷ್ಟಿ ಬಿಗಿಯಾಯಿತು. ಆದರೆ ಅಜ್ಜಿಯ ಹೆಸರೆತ್ತದೆ ಕೈಗವಸು ಕಳಚಿ ಮೇಜಿನ ಮೇಲೆ ಎಸೆದ. ಚಪ್ಪಲಿ ಹುಡುಕಿ ಮೆಟ್ಟಿಕೊಂಡ.

"ಸೀನಣ್ಣ..." ವಿಜಯಶ್ರೀ ಬಾಗಿಲವರೆಗೂ ಬಂದಳು.

ಓಣಿಯಲ್ಲಿ ನಿಂತಿದ್ದ ಆಟೋದ ಮುಂದೆ ಕಟ್ಟಿದ್ದ ಬಾಳೆಕಂದನ್ನು ಒಂದು ಹಸು ಎಳೆದೆಳೆದು ತಿನ್ನುತ್ತಿತ್ತು. ಆಟೋ ಅಲುಗುತ್ತಿತ್ತು, ಒಳಗೆ ಮಲಗಿದ್ದವನಿಗೆ ಎಚ್ಚರವಿರಲಿಲ್ಲ. ಸೀನ ಗೋಡೆಗೆ ಸರಿದು, ಹಸುವಿಗೆ ದಾರಿ ಬಿಟ್ಟು, ಮಾಗಡಿ ರಸ್ತೆಯ ಕಡೆಗೆ ನಡೆದ.