ರಾಣಿಗೆ ತಲುಪುವ ತುತ್ತು

ಹನ್ನೊಂದು ವರ್ಷ ಬಿಟ್ಟಿದ್ದ ಹುಚ್ಚು ಮತ್ತೆ ಹಿಡಿದಿತ್ತು. ಅವನು ಮನೆಯಲ್ಲಿ ಇರುವೆ ಸಾಕತೊಡಗಿದ್ದ. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಮಾತ್ರ ಇರುವೆ ಕೊಲ್ಲುವ ಕೆಲಸ. ಬೆನ್ನಿಗೆ ಪಂಪು, ಹೆಗಲಿಗೆ ಬ್ಯಾಗು, ದಿನಕ್ಕೆ ಆರು ಮನೆ, ಎರಡು ಹೋಟೆಲು. ಬಾಗಿಲು ತೆರೆದವರು ಚಪ್ಪಲಿ ಎಲ್ಲಿ ಬಿಡಬೇಕೆಂದು ಮೊದಲು ತೋರಿಸುತ್ತಿದ್ದರು, ಇರುವೆ ಎಲ್ಲಿದೆಯೆಂದು ಆಮೇಲೆ. ಓಣಿಯವರು ಅವನನ್ನು ಕರೆಯುತ್ತಿದ್ದದ್ದೇ ‘ಔಷಧಿ’ ಎಂದು.

“ಏನೋ ಔಷಧಿ, ಮನೇಲಿ ಇರುವೆ ಸಾಕಿದೀಯಂತೆ?” ಎಂದಿದ್ದ ಕೆಳಮನೆಯ ಟೈಲರ್. “ಗಿರಾಕಿ ಕಮ್ಮಿ ಆಗ್ಬಾರ್ದು ಅಂತ ನೀನೇ ಬೆಳೆಸ್ತಿದೀಯೋ ಹೆಂಗೆ?”

“ಹೂಂ. ಮೊದಲು ನಿಮ್ಮನೆಗೇ ಬಿಡ್ತೀನಿ.”

ಮಳೆಯ ಮರುದಿನ ಹೋಟೆಲಿನ ಹಿತ್ತಲಲ್ಲಿ, ರೆಕ್ಕೆ ಉದುರಿಸಿಕೊಂಡು ಗೂಡಿಗೆ ಜಾಗ ಹುಡುಕುತ್ತಿದ್ದ ರಾಣಿ ಇರುವೆಯೊಂದು ಕಂಡಿತ್ತು. ಪಂಪಿನ ಮೂತಿ ತಿರುಗಿಸಿದವನ ಕೈ ಯಾಕೋ ನಿಂತಿತು. ಖಾಲಿ ಮಾತ್ರೆ ಡಬ್ಬಿಯಲ್ಲಿ ಹಿಡಿದು ತಂದ. ಗೂಡಿಗೆ ಗಾಜಿನ ಕೊಳವೆ, ಅರ್ಧ ನೀರು, ನಡುವೆ ಹತ್ತಿ. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ನಾಲ್ಕು ತಿಂಗಳಲ್ಲಿ ರಾಣಿಯ ಸುತ್ತ ಮೂವತ್ತೆರಡು ಮಕ್ಕಳು. ಅವಕ್ಕೆ ಜೇನುನೀರು ಹಾಕಲು ಕೆಲಸದ ಬ್ಯಾಗಿನಿಂದಲೇ ಒಂದು ಖಾಲಿ ಸಿರಿಂಜು ತೆಗೆದು, ಏಳು ಸಲ ತೊಳೆದು ಇಟ್ಟುಕೊಂಡಿದ್ದ.

ಅಮ್ಮ ಮಾತ್ರ ಕೊಳವೆ ಇಟ್ಟಿದ್ದ ಶೆಲ್ಫಿನ ಕಡೆ ಮುಖ ಹಾಕುತ್ತಿರಲಿಲ್ಲ. ಎಂಟನೇ ಕ್ಲಾಸಿನಲ್ಲಿದ್ದಾಗ ಅವನು ಇರುವೆಯ ಬಾಟಲಿಯನ್ನು ಶಾಲೆಗೆ ಒಯ್ದಿದ್ದ. ಮೇಷ್ಟ್ರು ಅದನ್ನು ಎಲ್ಲರೆದುರು ಬಚ್ಚಲಿಗೆ ಸುರಿದು ನಲ್ಲಿ ತಿರುಗಿಸಿದ್ದರು. ಅವನು ಮೇಷ್ಟ್ರ ಕೈ ಕಚ್ಚಿದ. ಓದು ಅಲ್ಲಿಗೇ ಮುಗಿಯಿತು. ಮೇಷ್ಟ್ರ ಕೈ ವಾಸಿಯಾಯಿತು, ಸಂಬಳವೂ ಏರಿತು. ಅಮ್ಮ ಬೈದದ್ದು ಇರುವೆಗೆ: “ಮಗನ ಅನ್ನಕ್ಕೆ ಕಲ್ಲು ಹಾಕಿದ್ವು.”

ಆ ಭಾನುವಾರ ಅವನು ಹತ್ತಿ ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ, ಅಮ್ಮ ಕನ್ನಡಕ ಹಾಕಿಕೊಂಡು ಶೆಲ್ಫಿನ ಮುಂದೆ ನಿಂತಿದ್ದಳು.

“ಬಾರೋ ಇಲ್ಲಿ. ನಿನ್ನ ಸೈನ್ಯಕ್ಕೆ ಊಟ ಹಾಕ್ದೆ. ಪಾಪ, ನಿನ್ನೆಯಿಂದ ನೀನು ಏನೂ ಕೊಟ್ಟಿರ್ಲಿಲ್ಲ. ಒಂದು ತಿಂದು ಇನ್ನೊಂದರ ಬಾಯಿಗೆ ಬಾಯಿ ಇಟ್ಟು ಕೊಡುತ್ತೆ ಕಣೋ. ಮನುಷ್ಯರಲ್ಲಿದೆಯಾ ಇದು?”

ಅವಳ ಕೈಯಲ್ಲಿ ಸಿರಿಂಜಿತ್ತು. ಜೇನಿನ ಸಿರಿಂಜು ಶೆಲ್ಫಿನಲ್ಲೇ ಖಾಲಿ ಬಿದ್ದಿತ್ತು. ಇದು ಬಾಗಿಲ ಮೊಳೆಗೆ ನೇತುಹಾಕಿದ್ದ ಬ್ಯಾಗಿನದು. ಜೇನಿನದೇ ಬಣ್ಣ, ಒಳಗಿರುವುದು ಇರುವೆ ಕೊಲ್ಲುವ ಸಿಹಿ ಜೆಲ್.

ಆ ಜೆಲ್ ಮುಟ್ಟಿದ ಕೂಡಲೇ ಕೊಲ್ಲುವುದಿಲ್ಲ, ಅದೇ ಅದರ ಹೆಚ್ಚುಗಾರಿಕೆ. ತಿಂದ ಇರುವೆ ಗಟ್ಟಿಮುಟ್ಟಾಗಿ ಗೂಡಿಗೆ ಹೋಗಿ ಎಲ್ಲರಿಗೂ ಹಂಚಬೇಕು. ಗಿರಾಕಿಗಳಿಗೆ ಅವನೇ ಹೇಳುತ್ತಿದ್ದ, “ನಾಲ್ಕು ದಿನ ಒರೆಸ್ಬೇಡಿ, ರಾಣಿಗೆ ತಲುಪಲಿ. ರಾಣಿ ಹೋದ್ರೆ ವಂಶಾನೇ ಹೋಗುತ್ತೆ.”

ಅವನು ಸಿರಿಂಜು ಕಿತ್ತುಕೊಂಡ. “ಕೈ ತೊಳ್ಕೊ ಅಮ್ಮ. ಸೋಪ್ ಹಾಕಿ.”

“ಇರುವೆಗೆ ಊಟ ಬಡಿಸಿದ್ದಕ್ಕೆ ಸೋಪಾ?”

“ತೊಳ್ಕೊ ಅಂದ್ನಲ್ಲ.”

ಅವಳು ತೊಳೆಯುವಾಗ ಕೊಳವೆಯಲ್ಲಿ ಉಳಿದ ಜೆಲ್ಲನ್ನು ಕೆರೆದು ತೆಗೆದ. ಹೊಸ ಕೊಳವೆ ಸಜ್ಜು ಮಾಡಿ, ರಾಣಿಯನ್ನು ಎತ್ತಲು ಮೆತ್ತನೆಯ ಬ್ರಷ್ ಹಿಡಿದ. “ಎಷ್ಟು ಹೊತ್ತಾಯ್ತು?”

“ನೀನು ಮೆಟ್ಟಿಲು ಇಳೀತಿದ್ದ ಹಾಗೇ.”

“ದೊಡ್ಡದು ತಿಂತಾ?”

“ರಾಣೀನಾ? ಅದಕ್ಕೇ ಮೊದಲು ಕೊಟ್ವು. ಮನೆಗೆ ಹಿರೀದಲ್ವಾ.”

ಬ್ರಷ್ ಹಿಡಿದ ಕೈ ಇಳಿಯಿತು. ಮೆಟ್ಟಿಲಿಗೆ ಹೋಗಿ ಸೂಪರ್‌ವೈಸರಿಗೆ ಫೋನ್ ಹಚ್ಚಿದ.

“ಸರ್, ನಮ್ಮ ಜೆಲ್ ಹೊಟ್ಟೆಗೆ ಹೋದ್ರೆ ಏನು ಮಾಡ್ಬೇಕು?”

“ಅಯ್ಯೋ, ಯಾರಯ್ಯಾ ತಿಂದಿದ್ದು? ಮಗೂನಾ?”

“ಇಲ್ಲ ಸರ್. ಇರುವೆ.”

ಆ ಕಡೆಯಿಂದ ನಗು. “ಇರುವೆ ತಿಂದ್ರೆ ನಮ್ಮ ಕೆಲಸ ಆಯ್ತು ಅಂತ ಕಣಯ್ಯ. ರಜಾ ದಿನ ಬೆಳಿಗ್ಗೇನೇ ಕುಡಿಯೋಕೆ ಶುರು ಹಚ್ಕೊಂಡಿದೀಯಾ?”

ಫೋನನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು. ಅಪ್ಪಳಿಸಿದರೆ ಹೊಸದು ಅವನೇ ಕೊಳ್ಳಬೇಕು. ಯಾರ ಮೇಲೆ ಸಿಟ್ಟಾಗುವುದು? ಒಂದೇ ಥರದ ಎರಡು ಸಿರಿಂಜು ಒಂದೇ ಸೂರಿನಡಿ ಇಟ್ಟವನು ಅವನೇ. ಆಸ್ಪತ್ರೆಯಿಲ್ಲದ ಪ್ರಾಣಿ, ಮದ್ದಿಲ್ಲದ ಮದ್ದು.

ಒಳಗೆ ಅಮ್ಮ ಸ್ಟೂಲು ಎಳೆದುಕೊಂಡು ಶೆಲ್ಫಿನ ಮುಂದೆ ಕೂತಿದ್ದಳು.

“ಯಾಕೋ, ಜಾಸ್ತಿ ಹಾಕ್ಬಿಟ್ನಾ?”

“ಇಲ್ಲಮ್ಮ. ಸರಿಯಾಗೇ ಹಾಕಿದೀಯ.”

“ಮತ್ಯಾಕೆ ಮುಖ ಹಂಗೆ? ಇನ್ಮೇಲೆ ಬೆಳಿಗ್ಗೆ ನಾನೇ ಹಾಕ್ತೀನಿ, ನೀನು ಕೆಲಸ ನೋಡ್ಕೊ. ಇಷ್ಟು ವರ್ಷ ಸುಮ್ಸುಮ್ನೆ ಬೈದೆ ಕಣೋ ಇವನ್ನ.”

ಅವನೂ ಅವಳ ಪಕ್ಕ ನೆಲದ ಮೇಲೆ ಕೂತ. ಕೊಳವೆಯೊಳಗೆ ಎಲ್ಲವೂ ಚುರುಕಾಗಿ ಓಡಾಡುತ್ತಿದ್ದವು. ರಾಣಿ ಹೊಟ್ಟೆ ಬಗ್ಗಿಸಿ ಒಂದು ಮೊಟ್ಟೆ ಇಟ್ಟಿತು.

“ನೋಡೋ, ನೋಡೋ,” ಎಂದು ಅಮ್ಮ ಅವನ ಭುಜ ಹಿಡಿದಳು. ಅವನು ನೋಡಿದ.