ಉಳಿದರ್ಧ ಮಾತು

ಶಾಲೆಯ ಕೌನ್ಸೆಲರ್ ಮೇಡಂ ಕೋಣೆಗೆ ಬಾಗಿಲಿರಲಿಲ್ಲ. ಆಟದ ಸಾಮಾನು ಇಡುವ ಕೋಣೆಯ ಅರ್ಧಕ್ಕೆ ಪರದೆ ಕಟ್ಟಿ, ಎರಡು ಕುರ್ಚಿ ಹಾಕಿ ಕೊಟ್ಟಿದ್ದರು. ಯಾವ ಮಗು ಬಂದು ಕೂತರೂ ಅವರು ಮೊದಲು ಒಂದು ಮಾತು ಹೇಳುತ್ತಿದ್ದರು: ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ, ಆದರೆ ನಿನಗೆ ಯಾರಾದರೂ ನೋವು ಮಾಡುತ್ತಿದ್ದರೆ ಅದನ್ನು ನಾನು ಮುಚ್ಚಿಡುವ ಹಾಗಿಲ್ಲ. ಕಾನೂನು ಹಾಗಿತ್ತು.

ಎಲ್ಲರೂ ಗುಬ್ಬಿ ಎಂದು ಕರೆಯುವ ಎಂಟನೇ ತರಗತಿಯ ಹುಡುಗಿ ಬಂದ ದಿನ ಆ ಮಾತಿನ ಮೊದಲರ್ಧ ಮುಗಿದಿತ್ತು. ಅಷ್ಟರಲ್ಲಿ ಪಿ.ಟಿ. ಮೇಷ್ಟ್ರು, "ಕಣ್ಮುಚ್ಕೊಂಡೇ ತಗೋತೀನಿ ಮೇಡಂ," ಎನ್ನುತ್ತ ಒಳಗೆ ಬಂದು, ನಿಜವಾಗಿಯೂ ಕಣ್ಣು ಮುಚ್ಚಿಕೊಂಡು ತಡಕಾಡಿ, ಬ್ಯಾಟುಗಳನ್ನೆಲ್ಲ ಕಾಲ ಮೇಲೆ ಬೀಳಿಸಿಕೊಂಡು, ಚೆಂಡು ಹಿಡಿದು ಕುಂಟುತ್ತ ಹೋದರು. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಗುಬ್ಬಿ ಹೇಳತೊಡಗಿದಳು. ಉಳಿದರ್ಧವನ್ನೂ ಹೇಳಿದ್ದೇನೆ ಎಂದೇ ಮೇಡಂ ಅಂದುಕೊಂಡರು.

ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕುತ್ತಿದ್ದವನು ಗ್ಯಾರೇಜಿನಲ್ಲಿ ದುಡಿಯುವ ಅಣ್ಣ. ಕುಡಿದ ದಿನ ಬೆಲ್ಟಿನಿಂದ ಹೊಡೆಯುತ್ತಿದ್ದ. ಬೆಳಿಗ್ಗೆ ತಾನೇ ಮುಲಾಮು ಹಚ್ಚಿ, ಜಡೆ ಹಾಕಿ, ಶಾಲೆಗೆ ಬಿಡುತ್ತಿದ್ದ. ಜಡೆ ಸೊಟ್ಟಗಿರುತ್ತಿತ್ತು.

ಅವಳು ಹೋದ ಮೇಲೆ ಟಿಪ್ಪಣಿ ಬರೆಯುವಾಗ, ಉಳಿದರ್ಧ ಹೇಳಿಯೇ ಇರಲಿಲ್ಲವೆಂದು ಮೇಡಂಗೆ ಹೊಳೆಯಿತು. ವಿಷಯ ತಿಳಿದ ಹೆಡ್‌ಮಾಸ್ಟರು, ಅಣ್ಣನನ್ನು ಕರೆಸಿ ಬುದ್ಧಿ ಹೇಳಿ ಬಿಟ್ಟುಬಿಡೋಣ, ಹೊರಗಿನವರಿಗೆ ಯಾಕೆ ಎಂದರು. ಮೇಡಂ ಒಪ್ಪಲಿಲ್ಲ. ಮಕ್ಕಳ ರಕ್ಷಣೆಯ ಕಚೇರಿಗೆ ಫೋನ್ ಮಾಡುವ ಮೊದಲು ಗುಬ್ಬಿಯನ್ನು ಕರೆಸಿ, ತಪ್ಪು ತನ್ನದೆಂದು ಹೇಳಿದರು.

"ಮೊದ್ಲೇ ಹೇಳಿದ್ರೆ ಗಣಿತದ ಮಾರ್ಕ್ಸ್ ವಿಷ್ಯ ಮಾತಾಡಿ ಎದ್ದು ಹೋಗ್ತಿದ್ದೆ ಮಿಸ್."

"ಗೊತ್ತು ಪುಟ್ಟಿ."

"ಅವನನ್ನ ಹಿಡ್ಕೊಂಡು ಹೋಗ್ತಾರಾ?"

"ಗೊತ್ತಿಲ್ಲ. ನಿಂಗೆ ಸುಳ್ಳು ಹೇಳಲ್ಲ."

ಗುಬ್ಬಿ ಅತ್ತಳು. ಆಮೇಲೆ, ಏನು ಬರೆದಿದ್ದೀರಿ ತೋರಿಸಿ ಎಂದಳು. ಎರಡು ಸಲ ಓದಿದಳು. "ಮುಲಾಮು ಹಚ್ತಾನೆ ಅಂತಾನೂ ಬರೀರಿ. ಜಡೆದೂ ಬರೀರಿ."

ಮೇಡಂ ಎರಡನ್ನೂ ಬರೆದರು. ಬಿಚ್ಚಿಹೋಗುತ್ತಿದ್ದ ಜಡೆಯನ್ನು ಸರಿಮಾಡಲು ಕೈ ಚಾಚಿದರು. ಗುಬ್ಬಿ ತಲೆ ಹಿಂದಕ್ಕೆಳೆದುಕೊಂಡಳು. "ಬೇಡ ಮಿಸ್. ಅವನು ಹಾಕಿದ್ದು."

ಕಚೇರಿಯವರು ಅವಳನ್ನು ದೊಡ್ಡಮ್ಮನ ಮನೆಗೆ ಕಳಿಸಿದರು. ಅಣ್ಣನನ್ನು ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿದರು. ಭಾನುವಾರ ಬಂದು ತಂಗಿಯನ್ನು ನೋಡಬಹುದಿತ್ತು. ಬೆನ್ನು ವಾಸಿಯಾಯಿತು. ಜಡೆ ನೇರವಾಯಿತು. ಮೇಡಂ ಅರ್ಜಿಯ ಮೇಲೆ ಅರ್ಜಿ ಕೊಟ್ಟಿದ್ದಕ್ಕೆ ಕೋಣೆಗೆ ಬಾಗಿಲೂ ಬಂತು.

ಗುಬ್ಬಿ ಆ ಬಾಗಿಲು ತಟ್ಟಲಿಲ್ಲ. ಅವಳ ಬೆಂಚಿನಲ್ಲೇ ಕೂರುವ, ಅಲ್ಲಿಯವರೆಗೆ ವಾರವಾರ ಬರುತ್ತಿದ್ದ ಇಬ್ಬರು ಗೆಳತಿಯರೂ, ಗುಬ್ಬಿ ಹೇಳಿದ್ದು ಹೊರಗೆ ಹೋಯಿತೆಂದು ತಿಳಿದು, ಬರುವುದನ್ನು ನಿಲ್ಲಿಸಿದರು. ಹೀಗೆ ಬಾರದೆ ಹೋದವರು ಒಟ್ಟು ಮೂವರು.